ದಂತವೈದ್ಯರು ಕಟ್ಟಿದ ಗೋಡೆ

ಚರ್ಚಿನ ಗೃಹನಿರ್ಮಾಣ ಸಮಿತಿಯ ನಿಯಮ ಸರಳವಾಗಿತ್ತು. ಮನೆ ಪಡೆಯುವ ಕುಟುಂಬ ಆ ಮನೆಗಾಗಿ ತಾನೂ ನೂರು ಗಂಟೆ ದುಡಿಯಬೇಕು. ದಾನ ಪಡೆದೆವೆಂಬ ಅಳುಕು ಅವರಿಗೆ ಉಳಿಯಬಾರದಂತೆ. ಗಂಟೆ ತುಂಬದಿದ್ದರೆ ಮನೆ ಪಟ್ಟಿಯಲ್ಲಿರುವ ಮುಂದಿನವರಿಗೆ.

ಈ ಸಲ ಮನೆ ಪಡೆಯಲಿದ್ದ, ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸಿಗೆ ದುಡಿಮೆ ಹೊಸದಲ್ಲ. ಗಂಡ ತೀರಿಕೊಂಡ ಮೇಲೆ ಅತ್ತೆ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ವೆಲ್ಡಿಂಗ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಏಳು ವರ್ಷ ಕಳೆದವಳಿಗೆ ನೂರು ಗಂಟೆ ಯಾವ ಮಹಾ. ತೊಂದರೆ ಬಂದದ್ದು ಕರುಣೆಯಿಂದ.

ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಇಪ್ಪತ್ತೆರಡು ಸ್ವಯಂಸೇವಕರು ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಬರುತ್ತಿದ್ದರು. ಅವಳು ಇಟ್ಟಿಗೆಗೆ ಕೈ ಹಾಕಿದರೆ ಇಬ್ಬರು ಓಡಿಬಂದು ಕಸಿದುಕೊಳ್ಳುತ್ತಿದ್ದರು. ಮರಳಿನ ಬಾಂಡ್ಲಿ ಎತ್ತಿದರೆ ಅವರಲ್ಲೊಬ್ಬರಾದ ಸಂಗೀತದ ಟೀಚರ್ ಎದೆಯ ಮೇಲೆ ಕೈಯಿಟ್ಟು ನೊಂದುಕೊಳ್ಳುತ್ತಿದ್ದರು. ಅವಳಿಗೆಂದೇ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದವರೂ ಅವರೇ. ಗಂಟೆಗಳನ್ನು ಬರೆದುಕೊಳ್ಳುತ್ತಿದ್ದವರು ಸಮಿತಿಯ ಹಿರಿಯರು, ನಿವೃತ್ತ ಆಡಿಟರ್. ಕೂತ ಹೊತ್ತನ್ನು ದುಡಿಮೆಯೆಂದು ಬರೆಯುವ ಪಾಪ ಅವರ ಕೈಯಿಂದ ಆಗುವಂಥದ್ದಲ್ಲ.

ಹದಿನೈದನೇ ಶನಿವಾರ ಮುಗಿದಾಗ ಪುಸ್ತಕದಲ್ಲಿದ್ದದ್ದು ಅರವತ್ತು ಗಂಟೆ. ಬೀಗದ ಕೈ ಕೊಡುವ ಭಾನುವಾರಕ್ಕೆ ಎಂಟು ದಿನವಿತ್ತು. ಸಮಿತಿಯ ಲೆಕ್ಕದಲ್ಲಿ ಉಳಿದದ್ದು ಬಣ್ಣದ ಕೆಲಸವೊಂದೇ. ಅದನ್ನು ಚರ್ಚಿನ ಗಾಯಕವೃಂದ ತಿಂಗಳ ಹಿಂದೆಯೇ ಕಾದಿರಿಸಿಕೊಂಡಿತ್ತು. ನಿಯಮ ಸಡಿಲಿಸಿ ಎಂದು ಅವಳು ಕೇಳಿಕೊಂಡಾಗ ಹಿರಿಯರು ಬಹಳ ಮರುಗಿದರು, ಅವಳಿಗಾಗಿ ಪ್ರಾರ್ಥಿಸುವುದಾಗಿ ಹೇಳಿದರು, ಪುಸ್ತಕ ಮುಚ್ಚಿದರು.

"ಕುರ್ಚಿ ಬೇಡ ಅಂತ ಒಂದ್ಸಲ ಗಟ್ಟಿಯಾಗಿ ಹೇಳ್ಬಾರದಿತ್ತೇನೇ?" ಎಂದರು ಅತ್ತೆ. "ಈಗ ಅದನ್ನೇ ಕೇಳಿ ತಗೊಂಡು ಬಾ. ಅದರ ಮೇಲೇ ಸಂಸಾರ ಮಾಡೋಣ."

ಆ ಜಾಗದಲ್ಲಿ ಕೂಲಿ ಪಡೆಯುತ್ತಿದ್ದವನು, ಕೆಲಸ ಗೊತ್ತಿದ್ದವನು, ಮೇಸ್ತ್ರಿ ಒಬ್ಬನೇ. ಅವಳ ಕಷ್ಟ ಕೇಳಿ ಅವನು ಎರಡು ಕೋಣೆಗಳ ನಡುವಿನ ಗೋಡೆಯ ಬಳಿಗೆ ಕರೆದೊಯ್ದ. ದಂತವೈದ್ಯರೊಬ್ಬರು ಮೂರು ಶನಿವಾರ ಯಾರ ಸಹಾಯವನ್ನೂ ಪಡೆಯದೆ ಕಟ್ಟಿದ ಗೋಡೆ ಅದು. ಮನೆಯ ಬಾಗಿಲು ಕಿಟಕಿಗಳೆಲ್ಲ ಅವರದೇ ಕೊಡುಗೆ. ಮೇಸ್ತ್ರಿ ಮೇಲಿನಿಂದ ಗುಂಡು ಕಟ್ಟಿದ ದಾರ ಇಳಿಬಿಟ್ಟ. ಮೇಲ್ತುದಿಯಲ್ಲಿ ಗೋಡೆಗೆ ತಾಗಿದ್ದ ದಾರ ಬುಡದಲ್ಲಿ ಮೂರು ಬೆರಳು ದೂರ ನಿಂತಿತು. ಸ್ವಯಂಸೇವಕರ ಉತ್ಸಾಹ ಕುಗ್ಗಿಸಬಾರದೆಂದು ಸಮಿತಿಯ ಅಪ್ಪಣೆಯಾಗಿದ್ದರಿಂದ ಅವನು ಈವರೆಗೆ ಸುಮ್ಮನಿದ್ದ. ಅಪ್ಪಣೆ ತಿಳಿಯದ ಬಾಗಿಲ ಚೌಕಟ್ಟು ಮಾತ್ರ ಕೂರಲು ಒಪ್ಪಿರಲಿಲ್ಲ.

"ಕೆಡವಿ ಮತ್ತೆ ಕಟ್ಬೇಕು ತಂಗಿ. ಇಬ್ಬರಿಗೆ ಐದು ದಿನದ ಕೆಲಸ. ವಾರದ ದಿನ ಕರುಣೆ ತೋರ್ಸೋರು ಯಾರೂ ಬರಲ್ಲ."

"ಡಾಕ್ಟ್ರಿಗೆ ಬೇಜಾರಾಗಲ್ವಾ ಅಣ್ಣ?"

"ಕೀಳೋದು ಅವರ ಕಸುಬೇ ಅಲ್ವಾ."

ಅವಳು ಸಂಬಳವಿಲ್ಲದ ರಜೆ ಹಾಕಿದಳು. ಎರಡು ದಿನ ಗೋಡೆ ಬಿಚ್ಚಿ, ಇಟ್ಟಿಗೆಗೆ ಅಂಟಿದ ಗಾರೆ ಕೆರೆದು ಜೋಡಿಸಿಟ್ಟಳು. ಅಂಗೈಯಲ್ಲಿ ಬೊಬ್ಬೆ ಎದ್ದವು. ಮೂರನೇ ದಿನ ಕರಣೆ ಹಿಡಿದು ಕಟ್ಟತೊಡಗಿದಳು. ಶುಕ್ರವಾರ ಸಂಜೆಯ ಹೊತ್ತಿಗೆ ಗೋಡೆ ದಾರಕ್ಕೆ ಒಪ್ಪಿತು, ಚೌಕಟ್ಟು ಗೋಡೆಗೆ ಒಪ್ಪಿತು. ದಿನಕ್ಕೆ ಎಂಟರಂತೆ ನಲವತ್ತು ಗಂಟೆ. ಹಿರಿಯರಿಲ್ಲದ ಆ ದಿನಗಳ ಲೆಕ್ಕವನ್ನು ಮೇಸ್ತ್ರಿಯೇ ಪುಸ್ತಕದಲ್ಲಿ 'ಗೋಡೆಯ ಆರೈಕೆ' ಎಂದು ಬರೆದ.

ಶನಿವಾರ ಅದನ್ನು ಓದಿ ಹಿರಿಯರು ಕನ್ನಡಕ ಸರಿಪಡಿಸಿಕೊಂಡರು. "ಯಾವ ಗೋಡೆ? ಅದನ್ನ ಡಾಕ್ಟರು ಕಟ್ಟಿ ಮುಗಿಸಿದ್ರಲ್ಲ."

"ಡಾಕ್ಟ್ರು ಕೈ ಇಟ್ಮೇಲೆ ಆರೈಕೆ ಬೇಕೇ ಬೇಕಲ್ವಾ ಸಾರ್," ಎಂದ ಮೇಸ್ತ್ರಿ.

ಅವರು ಎದ್ದು ಹೋಗಿ ನೋಡಿದರು. ಮೂರು ವಾರ ಅಂಗಳದಲ್ಲಿ ಬಿದ್ದಿದ್ದ ಚೌಕಟ್ಟು ತನ್ನ ಜಾಗದಲ್ಲಿತ್ತು. ಅವಳ ಅಂಗೈಯನ್ನೂ ನೋಡಿದರು. ದುಡಿಮೆ ನಡೆದಿತ್ತು, ಗಂಟೆಗಳು ಸರಿಯಿದ್ದವು. ಯಾರ ತಪ್ಪಿಗಾಗಿ ದುಡಿದದ್ದೆಂದು ನಮೂದಿಸಲು ಪುಸ್ತಕದಲ್ಲಿ ಅಂಕಣವಿರಲಿಲ್ಲ. ಸಹಿ ಹಾಕಿದರು.

ಭಾನುವಾರ ಪ್ರಾರ್ಥನೆಯ ನಂತರ ದಂತವೈದ್ಯರು ನೆಂಟರಿಷ್ಟರನ್ನೆಲ್ಲ ಆ ಗೋಡೆಯೆದುರು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಜೀವನದಲ್ಲಿ ಮೊದಲ ಸಲ ಕಟ್ಟಿದ್ದು, ಎಷ್ಟು ನೆಟ್ಟಗಿದೆ ನೋಡಿ ಎಂದು ಅದನ್ನು ತಟ್ಟಿದರು. ಅತ್ತೆ ಬಾಯಿ ತೆರೆದರು. ಸೊಸೆ ಬೀಗದ ಕೈಯನ್ನು ಅವರ ಅಂಗೈಗೆ ಒತ್ತಿದಳು. ಅತ್ತೆ ಬಾಯಿ ಮುಚ್ಚಿಕೊಂಡರು.

ಆಗ ಸಂಗೀತದ ಟೀಚರ್ ಆ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, ಪಾಪ, ನಿಂತೇ ಇದ್ದೀರಲ್ಲ ಎಂದರು. ಈ ಸಲ ಅವಳು ಕೂತಳು.