ದೀಪ ಹಚ್ಚುವ ಮುಂಚೆ

ಹಾಲಿಗೆ ಹಾಕುವ ಹೆಪ್ಪು ಕೇಳಲು ದಿನವೂ ಪಕ್ಕದ ಮನೆಗೆ ಹೋಗುವವರನ್ನು ಎಲ್ಲಾದರೂ ಕಂಡಿದ್ದೀರಾ? ಇವತ್ತಿನ ಮೊಸರಲ್ಲಿ ಒಂದು ಚಮಚ ಉಳಿಸಿದರೆ ನಾಳೆಯ ಹಾಲಿಗೆ ಅದೇ ಹೆಪ್ಪು. ಮಕ್ಕಳಿಗೂ ಗೊತ್ತಿರುವ ವಿಷಯ.

ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಪಕ್ಕದ ಮನೆಯ ಹನುಮಂತರಾಯಪ್ಪನವರಿಗೆ ಮಾತ್ರ ಗೊತ್ತಿರಲಿಲ್ಲ. ಪಿಲ್ಲಗುಂಪೆಯಲ್ಲಿ ಹೊಸದಾಗಿ ಶುರುವಾದ ಫ್ಯಾಕ್ಟರಿಯಲ್ಲಿ ಅವರಿಗೆ ಕೆಲಸ. ಒಸಡಿನಲ್ಲಿ ರಕ್ತ ಬರುತ್ತಿತ್ತು. ಹೊಸಕೋಟೆಯ ಹಲ್ಲಿನ ಡಾಕ್ಟರು ಹಲ್ಲು ಕ್ಲೀನ್ ಮಾಡಿ, ಮೊಸರಿನಲ್ಲಿರುವ ಒಳ್ಳೆಯ ಕ್ರಿಮಿಗಳು ಒಸಡಿಗೂ ಒಳ್ಳೆಯದು ಮಾಡಬಹುದು, ದಿನಾ ತಿನ್ನಿ ಎಂದಿದ್ದರಂತೆ.

"ಪಿಳ್ಳಮ್ನೋರೆ, ಇವತ್ತೂ ಎಲ್ಲಾ ತಿಂದ್ಬಿಟ್ಟೆ. ಒಂಚೂರು ಹೆಪ್ಪು ಕೊಡ್ತೀರಾ?"

"ನಿಮಗೆ ಬುದ್ಧಿ ಯಾವಾಗ ಬರುತ್ತೆ?" ಎಂದು ಬೈದೇ ಕೊಡುತ್ತಿದ್ದೆ. ನಾನೂ ಗಂಡನನ್ನು ಕಳೆದುಕೊಂಡು ಒಂಟಿಯಾದವಳೇ. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಹೆಪ್ಪು ಕೊಡುವುದಿಲ್ಲ. ಶಿಫ್ಟ್ ಮುಗಿಸಿ ಅವರು ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಅದಕ್ಕೇ ಅವರು ಬಂದು ಹೋಗುವ ತನಕ ನಾನು ದೀಪವನ್ನೇ ಹಚ್ಚುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ನಗುತ್ತಾ ಬಂದರು. "ಒಸಡು ವಾಸಿ ಆಯ್ತು. ಇನ್ಮೇಲೆ ನಿಮಗೆ ದಿನಾ ತೊಂದ್ರೆ ಕೊಡಲ್ಲ."

"ಸದ್ಯ, ಒಂದು ಪೀಡೆ ತೊಲಗ್ತು," ಎಂದುಬಿಟ್ಟೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ! ಅವರ ಮುಖದ ನಗು ಹಾಗೇ ಇಳಿಯಿತು. ಮತ್ತೆ ಬರಲಿಲ್ಲ.

ಈಗ ಶ್ರಾವಣ. ನಿನ್ನೆ ಎದುರುಮನೆ ಗೌರಕ್ಕ ಬಾಗಿಲಲ್ಲಿ ನಿಂತು ಕೇಳಿದಳು: "ಇದೇನೇ, ಇಷ್ಟು ಕತ್ತಲಾದ್ರೂ ದೀಪ ಹಚ್ಚಿಲ್ಲ?"

"ಹಚ್ಚಿಬಿಟ್ರೆ," ಎಂದೆ, "ಯಾರಾದ್ರೂ ಹೆಪ್ಪು ಕೇಳೋಕೆ ಬಂದ್ರೆ ಕೊಡೋ ಹಾಗಿಲ್ವಲ್ಲ."