ಎರಡನೇ ಮಹಡಿಯ ಮಗ್ಗ

ಮದ್ರಾಸಿನ ಮೈಲಾಪೂರಿನಲ್ಲಿರುವ ಆ ಹೋಟೆಲಿಗೆ ಬರುವವರಲ್ಲಿ ಕೃಷ್ಣರಾಜ ಶೆಟ್ಟಿಗಾರರ ಧ್ವನಿ ಗೊತ್ತಿಲ್ಲದವರು ಕಡಿಮೆ. ಬ್ರಹ್ಮಾವರದಿಂದ ಬಂದು ಸಪ್ಲೈಯರ್ ಆಗಿ ಸೇರಿದ್ದವರು ಈಗ ಅಲ್ಲಿಯ ಸೂಪರ್‌ವೈಸರ್. ಇವತ್ತು ಎಂತ ಉಂಟು ಎಂದು ಯಾರಾದರೂ ಕೇಳಿದರೆ ಇಡ್ಲಿಯಿಂದ ಗೋಳಿಬಜೆಯವರೆಗೆ ಒಂದೇ ಉಸಿರಿನಲ್ಲಿ, ಕೇಳಿದವರ ಭಾಷೆಯಲ್ಲಿಯೇ ಹೇಳಿ ಮುಗಿಸುತ್ತಿದ್ದರು.

ಮಾರ್ಗಶಿರದ ಒಂದು ಬೆಳಿಗ್ಗೆ, ಹಾಗೆ ಹೇಳುತ್ತಿರುವಾಗಲೇ ಅವರ ಮಾತು ನಿಂತುಹೋಯಿತು. ಮೇಜು ಹಿಡಿದು ಮೆಲ್ಲನೆ ಕೆಳಗೆ ಕೂತರು. ಆಸ್ಪತ್ರೆಯಲ್ಲಿ ಸ್ಟ್ರೋಕ್ ಅಂದರು. ಮನೆಗೆ ಬರುವ ಹೊತ್ತಿಗೆ ನಡೆಯಲು ಆಗುತ್ತಿತ್ತು, ಬಲಗೈ ಮಾತ್ರ ಸೋತಿತ್ತು. ಎದುರಿಗಿದ್ದವರು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಆದರೆ ಬಾಯಿ ತೆರೆದರೆ "ಅದು… ಅದು…" ಎಂಬಲ್ಲಿಗೆ ಎಲ್ಲ ಮುಗಿಯುತ್ತಿತ್ತು.

ಮಾತು ಕಲಿಸಲು ಬರುತ್ತಿದ್ದ ಹುಡುಗಿ ದೀಕ್ಷಿತಾ ಒಳ್ಳೆಯವಳು. ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸಿ, ಇದು ಏನು ಅಂಕಲ್ ಎಂದು ತಾಳ್ಮೆಯಿಂದ ಕೇಳುತ್ತಿದ್ದಳು. ಒಂದು ದಿನ ಲೋಟದ ಚಿತ್ರ ಬಂತು. ಜೀವನವಿಡೀ ಲೋಟ ಹಿಡಿದು ಓಡಾಡಿದ ಮನುಷ್ಯ ಆ ಚಿತ್ರವನ್ನು ನೋಡುತ್ತ ಕೂತರು, ಆಮೇಲೆ ಎದ್ದು ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಹೋಟೆಲಿನವರು ನೋಡಲು ಬಂದಾಗಲೂ ಅಷ್ಟೆ. ಬಂದವರು ಹೆಂಡತಿ ವಿನೋದಾಳ ಹತ್ತಿರ ನಾಲ್ಕು ಮಾತಾಡಿ, ಕಾಫಿ ಕುಡಿದು ಹೋಗುತ್ತಿದ್ದರು.

ಮಗಳು ನಿಶ್ಮಿತಾ ಪೆರುಂಗುಡಿಯ ಆಫೀಸಿಗೆ ಬೆಳಿಗ್ಗೆಯೇ ಹೊರಡುತ್ತಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ಫ್ಯಾನಿನದ್ದೊಂದೇ ಸದ್ದು. ಮೊದಲು ಗಂಡನ ಮಾತು ಜಾಸ್ತಿಯಾಯಿತೆಂದು ಬೈಯುತ್ತಿದ್ದ ವಿನೋದಾಳಿಗೆ ಈಗ ಆ ಮೌನದಲ್ಲಿ ಅಡುಗೆ ಮಾಡಲೂ ಕೈ ಬರುತ್ತಿರಲಿಲ್ಲ.

ಒಂದು ದಿನ ಅವಳು ಊರಿಗೆ ಫೋನ್ ಮಾಡಿ ತಮ್ಮ ಸುಕೇಶನನ್ನು ಕೇಳಿದಳು. "ಅಮ್ಮನ ಸಣ್ಣ ಮಗ್ಗ ಉಂಟಲ್ಲ, ಹೆಗಲಿಗೆ ಹಾಕುವ ಬೈರಾಸು ನೇಯುವುದು, ಅದು ಎಲ್ಲಿದೆ?"

"ಅಟ್ಟದಲ್ಲಿ ಉಂಟು. ಯಾಕೆ ಅಕ್ಕ?"

"ಬಿಚ್ಚಿ ರೈಲಿಗೆ ಹಾಕು. ಉದ್ದ ನೂಲಿನ ಹಾಸು ಸುತ್ತಿಯೇ ಕಳಿಸು, ಇಲ್ಲಿ ನನಗೆ ಅದನ್ನು ಎಳೆದು ಹೂಡಲು ಜಾಗ ಇಲ್ಲ."

ಎರಡೂ ಕಡೆಯವರು ನೇಕಾರರು. ವಿನೋದಾ ಮದುವೆಯಾಗುವವರೆಗೂ ತಾಯಿಯ ಜೊತೆ ಮಗ್ಗದಲ್ಲಿ ಕೂತವಳು. ಕೃಷ್ಣರಾಜರ ತಂದೆಯಂತೂ ಸುತ್ತಲಿನ ಊರಿಗೆಲ್ಲ ಹೆಸರಾದವರು, ನೇಯ್ಗೆಗೆ ಮಾತ್ರವಲ್ಲ, ಕತೆಗೆ ಕೂಡ. ಲಾಳಿ ಓಡಿದ ಹಾಗೆ ಕತೆ ಓಡುತ್ತಿತ್ತು. ನೂಲು ಸುತ್ತಲು ಕೂತ ಮಕ್ಕಳು ಕತೆಯ ಆಸೆಗೇ ಏಳುತ್ತಿರಲಿಲ್ಲ. ಮಿಲ್ಲಿನ ಸೀರೆ ಬಂದು ಕೈಮಗ್ಗದ ಸೀರೆ ಕೇಳುವವರಿಲ್ಲದಾದಾಗ ಕೃಷ್ಣರಾಜ ಮದ್ರಾಸಿನ ರೈಲು ಹತ್ತಿದರು. ಅಷ್ಟು ದುಡಿದರೂ ಅಪ್ಪನ ಹೊಟ್ಟೆ ತುಂಬಿಸದ ಆ ಕಟ್ಟಿಗೆಯ ಹೆಸರು ನನ್ನ ಮನೆಯಲ್ಲಿ ಎತ್ತಬೇಡ ಎಂದು ಮದುವೆಯ ಹೊಸತರಲ್ಲಿಯೇ ಹೇಳಿದ್ದರು. ವಿನೋದಾ ಎತ್ತಿರಲಿಲ್ಲ.

ಸಂಜೆ ಸಂಗತಿ ಕೇಳಿದ ನಿಶ್ಮಿತಾಳಿಗೆ ಗಾಬರಿಯಲ್ಲಿ ಮೊದಲು ತಮಿಳೇ ಬಂತು. "ಎದುಕ್ಕುಮ್ಮಾ ಇದೆಲ್ಲಾಂ? ಯಾಕಮ್ಮಾ ಇದೆಲ್ಲ? ಅಪ್ಪನಿಗೆ ಕೋಪ ಬರಲ್ವಾ?"

"ಬರಲಿ. ಅವರಿಗೆ ಮಾತು ಹೋಯಿತು, ನನಗೂ ಹುಚ್ಚು ಹಿಡಿಯಬೇಕಾ? ನನ್ನ ಕೈಗೆ ಕೆಲಸ ಬೇಕು."

ಮಗ್ಗ ಬಂತು. ಆಟೋದವನೂ ನಿಶ್ಮಿತಾಳೂ ಸೇರಿ ಮರದ ತುಂಡುಗಳನ್ನು ಎರಡನೇ ಮಹಡಿಗೆ ಹೊತ್ತರು. ಹಾಲಿನಲ್ಲಿ ಸೋಫಾ ಸರಿಸಿ ನಿಲ್ಲಿಸಿದಾಗ ಟಿವಿ ಮರೆಯಾಯಿತು. ಕೃಷ್ಣರಾಜ ಬಾಗಿಲಲ್ಲಿ ನಿಂತು ಒಮ್ಮೆ ನೋಡಿದರು. ಮುಖ ಕೆಂಪಾಯಿತು. ಹೇಳಲು ಏನೂ ಸಿಗದೆ ಎಡಗೈಯಿಂದ ಕೋಣೆಯ ಬಾಗಿಲು ಎಳೆದುಕೊಂಡರು.

ವಿನೋದಾಳ ನೇಯ್ಗೆ ಮೊದಮೊದಲು ನೋಡುವ ಹಾಗಿರಲಿಲ್ಲ. ಕಾಲಡಿಯ ಹಲಗೆ ತುಳಿದರೆ ಕೈ ಮರೆಯುತ್ತಿತ್ತು, ಕೈ ನೆನಪಾದರೆ ಕಾಲು ತಪ್ಪುತ್ತಿತ್ತು. ಬಟ್ಟೆಯ ಅಂಚು ಒಮ್ಮೆ ಒಳಗೆ, ಒಮ್ಮೆ ಹೊರಗೆ. ಆದರೂ ಮನೆಯಲ್ಲಿ ಒಂದು ಸದ್ದು ಹುಟ್ಟಿತ್ತು, ಅವಳಿಗೆ ಅಷ್ಟು ಸಾಕಿತ್ತು. ಸೆಕೆಗೆ ಕೋಣೆಯ ಬಾಗಿಲು ಮೊದಲು ಸ್ವಲ್ಪ ತೆರೆಯಿತು, ವಾರ ಕಳೆಯುವಷ್ಟರಲ್ಲಿ ಪೂರ್ತಿ ತೆರೆಯಿತು.

ಹಾಗೊಂದು ಮಧ್ಯಾಹ್ನ ಲಾಳಿ ಓಡಿಸುತ್ತಿರುವಾಗ ಬೆನ್ನ ಹಿಂದಿನಿಂದ ಕೇಳಿಸಿತು: "ಕಡಿಯಿತು."

ವಿನೋದಾ ಕೈ ನಿಲ್ಲಿಸಿದಳು. ತಿರುಗಿದರೆ ಮಂಚದ ಮೇಲೆ ಕೂತಿದ್ದ ಗಂಡ ತಮ್ಮದೇ ಮಾತಿಗೆ ತಾವೇ ಬೆಚ್ಚಿದ ಹಾಗಿದ್ದರು. ಈಗ ಅತ್ತರೂ ನಕ್ಕರೂ ಆ ಮನುಷ್ಯ ಮತ್ತೆ ಗೋಡೆಯ ಕಡೆ ತಿರುಗುತ್ತಾರೆಂದು ಅವಳಿಗೆ ಗೊತ್ತಿತ್ತು. ಬೈರಾಸಿನ ಕಡೆಗೇ ನೋಡುತ್ತ, "ಎಲ್ಲಿ? ನನಗೆ ಕಾಣುವುದಿಲ್ಲ," ಅಂದಳು.

"ಎ… ಎಡ. ಎಡಕ್ಕೆ."

ಹುಡುಕಿದಳು. ಹಾಸಿನ ಒಂದು ನೂಲು ಕಡಿದು ಜೋಲುತ್ತಿತ್ತು. ಅಷ್ಟು ದೂರದಿಂದ ಅವರಿಗೆ ಅದು ಕಂಡಿರಲಾರದು, ಸದ್ದಿನಲ್ಲಿಯೇ ಗೊತ್ತಾಗಿರಬೇಕು. ಗಂಟು ಹಾಕಿ ಮತ್ತೆ ನೇಯಲು ಕೂತಳು. ಸ್ವಲ್ಪ ಹೊತ್ತಿಗೆ ಕೃಷ್ಣರಾಜ ಎದ್ದು ಬಂದು ಅವಳ ಪಕ್ಕದಲ್ಲಿ, ಅವಳು ಕೂತಿದ್ದ ಹಲಗೆಯ ಮೇಲೆಯೇ ಕೂತರು. ವಿನೋದಾ ಸರಿದು ಜಾಗ ಕೊಟ್ಟಳು.

ಮೆಲ್ಲಮೆಲ್ಲನೆ ಇಬ್ಬರ ನಡುವೆ ಕೆಲಸ ಹಂಚಿಕೆಯಾಯಿತು. ತುಳಿಯುವುದೂ, ಎಡಗೈಯಿಂದ ಹಗ್ಗ ಎಳೆದು ಲಾಳಿ ಓಡಿಸುವುದೂ ಅವರದ್ದು. ಬಿದ್ದ ನೂಲನ್ನು ಬಡಿದು ಕೂರಿಸುವುದು ಅವಳದ್ದು. ತುಳಿ, ಎಳೆ, ಬಡಿ. ಆ ಲಯ ಕೂತ ಮೇಲೆ ಒಂದು ದಿನ ಕೃಷ್ಣರಾಜರ ಬಾಯಿಂದ ಅಪ್ಪನ ಕತೆಯ ತುಂಡೊಂದು ಬಂತು. ಒಂದು ಎಳೆಗೆ ಒಂದು ಮಾತು.

"ಒಬ್ಬ… ನೇಕಾರ… ಇದ್ದ. ಸಮುದ್ರ… ಕರೆಯಿತು. ನನಗೂ… ಸೀರೆ… ಬೇಕು."

"ಹೌದಾ? ಸಮುದ್ರಕ್ಕೆ ಎಷ್ಟು ಉದ್ದದ್ದು ಬೇಕಂತೆ?" ವಿನೋದಾ ಬಡಿಯುತ್ತಲೇ ಕೇಳಿದಳು.

ಉತ್ತರ ಅವತ್ತು ಬರಲಿಲ್ಲ. ಮರುದಿನ ಬಂತು.

ಇಷ್ಟರಲ್ಲಿ ಕೆಳಗಿನ ಮನೆಯ ಶಾರದಮ್ಮ ಮೇಲೆ ಹತ್ತಿ ಬಂದರು. ಇನ್ಶೂರೆನ್ಸ್ ಆಫೀಸಿನಲ್ಲಿದ್ದು ನಿವೃತ್ತರಾದ ಮೈಸೂರಿನ ಕಡೆಯವರು.

"ಏನ್ರೀ ವಿನೋದಾ, ನಮ್ಮ ತಲೆ ಮೇಲೆ ದಿನಾ ಅವಲಕ್ಕಿ ಕುಟ್ತಾ ಇದ್ದೀರಾ? ಊಟ ಮಾಡಿ ಒಂದು ಗಳಿಗೆ ಕಣ್ಣು ಮುಚ್ಚೋ ಹಾಗಿಲ್ಲ!"

ವಿನೋದಾ ತಪ್ಪಾಯಿತು ಎನ್ನುವಷ್ಟರಲ್ಲಿ ಶಾರದಮ್ಮನಿಗೆ ಮಗ್ಗದ ಮುಂದೆ ಕೂತ ಕೃಷ್ಣರಾಜ ಕಂಡರು. ಹೋಟೆಲಿನಲ್ಲಿ ಎಷ್ಟೋ ವರ್ಷ ತಮಗೆ ಬಿಸಿ ದೋಸೆಯನ್ನೇ ನೋಡಿ ತಂದುಕೊಟ್ಟವರು. ಕೃಷ್ಣರಾಜ ಎದ್ದು ಒಳಗೆ ಹೋಗಲಿಲ್ಲ. ಕೈ ಹಗ್ಗದ ಮೇಲೆಯೇ ಇತ್ತು. ತುಂಬಾ ಹೊತ್ತು ತಡವರಿಸಿ, "ಕೂ… ಕೂತ್ಕೊಳ್ಳಿ," ಅಂದರು.

ಶಾರದಮ್ಮ ಕೂತರು. ಸಿಟ್ಟಿನ ಮಾತು ಮುಂದುವರಿಯಲಿಲ್ಲ, ಆದರೆ ನಿದ್ದೆಯ ಮಾತು ಬಿಡಲೂ ಇಲ್ಲ. ಊಟದ ನಂತರ ನಾಲ್ಕು ಗಂಟೆಯವರೆಗೆ ಮಗ್ಗ ಸುಮ್ಮನಿರಬೇಕೆಂದು ತೀರ್ಮಾನವಾಯಿತು. ಮರುದಿನ ಅವರೇ ತೆಂಗಿನ ನಾರಿನ ಹಳೆಯ ಚಾಪೆಗಳನ್ನು ತಂದು, ಮಗ್ಗದ ಕಾಲುಗಳಡಿ ಮಡಿಸಿ ಇಡಿಸಿದರು. ಸದ್ದು ಅರ್ಧಕ್ಕರ್ಧ ಇಳಿಯಿತು.

ದೀಕ್ಷಿತಾ ಇದನ್ನೆಲ್ಲ ನೋಡಿ ಖುಷಿಪಟ್ಟಳು. ಹಾಡು, ತಾಳದ ಜೊತೆ ಕೆಲವರಿಗೆ ಮಾತು ಹೀಗೆ ಮರಳುತ್ತದೆ ಎಂದಳು. "ಆದರೆ ಎಲ್ಲಾ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ ಆಂಟಿ. ಕಾರ್ಡೂ ಇರಲಿ, ಮಗ್ಗಾನೂ ಇರಲಿ."

ಎರಡೂ ನಡೆದವು. ಮಗ್ಗದಿಂದ ಎದ್ದರೆ ಮಾತು ಮತ್ತೆ ಮುಗ್ಗರಿಸುತ್ತಿತ್ತು. ಉಪ್ಪು ಬೇಕಾದಾಗ ನೀರು ಅನ್ನುತ್ತಿದ್ದರು. ಆದರೆ ಈಗ ತಪ್ಪಿದರೆ ತಾವೇ ನಗುತ್ತಿದ್ದರು. ಭಾನುವಾರ ನಿಶ್ಮಿತಾ ನೂಲು ಸುತ್ತಲು ಕಲಿತಳು. ಅಜ್ಜನ ಕತೆಯನ್ನು ಅವಳು ಕೇಳುವುದು ಇದೇ ಮೊದಲು. ಯಾಕಪ್ಪ ಇಷ್ಟು ದಿನ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಕೃಷ್ಣರಾಜ ಲಾಳಿ ನಿಲ್ಲಿಸಿ ಯೋಚಿಸಿದರು.

"ಅಪ್ಪ… ಕತೆ… ಹೇಳ್ತಿದ್ರು. ನನಗೆ… ಹಸಿವು… ಮಾತ್ರ… ನೆನಪು."

ವಿನೋದಾ ಅವರ ಬೆನ್ನ ಮೇಲೆ ಕೈ ಇಟ್ಟಳು. ಸ್ವಲ್ಪ ಹೊತ್ತಿಗೆ ಅವರೇ ಹಗ್ಗ ಎಳೆದರು.

ತಮಿಳರ ಚಿತ್ತಿರೈ ತಿಂಗಳ, ಏಪ್ರಿಲ್ ಬಿಸಿಲಿನ ಹೊತ್ತಿಗೆ ಸುಕೇಶ ಕಳಿಸಿದ ಹಾಸು ಮುಗಿಯಿತು. ಮೊದಲ ಬೈರಾಸಿನ ಅಂಚು ಹಾವಿನ ಹಾಗೆ, ಕೊನೆಯದ್ದರ ಅಂಚು ಬಹುಮಟ್ಟಿಗೆ ನೇರ. ಒಂದನ್ನು ಶಾರದಮ್ಮನಿಗೆ ಕೊಟ್ಟರು. ಇನ್ನೊಂದನ್ನು ಹೆಗಲ ಮೇಲೆ ಹಾಕಿಕೊಂಡು ಕೃಷ್ಣರಾಜ ಕಾಯಿಲೆ ಬಿದ್ದ ಮೇಲೆ ಮೊದಲ ಸಲ ಹೋಟೆಲಿಗೆ ಹೋಗಿ, ಗಿರಾಕಿಯ ಹಾಗೆ ಕೂತು ಕಾಫಿ ಕುಡಿದು ಬಂದರು.

ಅವತ್ತು ಸಂಜೆ ಸುಕೇಶನ ಫೋನ್ ಬಂತು. ಇನ್ನೊಂದು ಹಾಸು ಬೇಕಾ ಅಕ್ಕ ಎಂದು ಕೇಳಿದ. ವಿನೋದಾ ಉತ್ತರ ಕೊಡುವ ಮೊದಲೇ ಕೃಷ್ಣರಾಜ ಎಡಗೈ ಚಾಚಿದರು. ಕಾಯಿಲೆಯ ನಂತರ ಅವರು ಫೋನ್ ಮುಟ್ಟಿರಲಿಲ್ಲ. ಅದನ್ನು ಕಿವಿಗಿಟ್ಟು ಕಣ್ಣು ಮುಚ್ಚಿದರು. ಮಗ್ಗದ ಹಲಗೆಯಿಲ್ಲದಿದ್ದರೂ ಕಾಲು ನೆಲವನ್ನು ಮೆಲ್ಲನೆ ತುಳಿಯುತ್ತಿತ್ತು.

"ಸುಕೇಶ… ಕಳಿಸು. ಅಂಚು… ಕೆಂಪು… ಇರಲಿ."

ಆ ಕಡೆಯಿಂದ ಸುಕೇಶ ಭಾವಾ, ಭಾವಾ ಎಂದು ಕೂಗುತ್ತಿದ್ದದ್ದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು.