ಹನ್ನೆರಡು ಟಾರ್ಪಾಲು

ಚಟ್ಟ ಹೊತ್ತ ನಾಲ್ವರು ಶಾಲೆಯ ಗೇಟು ದಾಟುವಷ್ಟರಲ್ಲಿ ಎದುರಿಗೆ ಲಾರಿ ಬಂದು ನಿಂತಿತು. ಎರಡೂ ಬದಿಗೆ ವರದಾ ಹೊಳೆಯ ನೆರೆನೀರು, ನಡುವೆ ಒಂದೇ ಗಾಡಿ ಹಿಡಿಸುವ ದಾರಿ. ಲಾರಿ ಹಿಂದೆ ಸರಿಯುವಂತಿರಲಿಲ್ಲ.

"ಹೆಣ ಹಿಂದಕ್ಕೆ ತಿರುಗಿಸಬಾರ್ದು," ಎಂದರು ಯಾರೋ.

"ಮತ್ತೆ ಲಾರಿ ಮೇಲೆ ಹತ್ತಿ ಹೋಗ್ತೀರಾ?" ಪ್ರತಿಮಾ ರೇಗಿದಳು. "ತಿರುಗಿಸ್ಬೇಡಿ. ಹಿಂದ್ ಹಿಂದಕ್ಕೆ ಬನ್ನಿ."

ಹಾಗೇ ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು, ಚಿತೆಗೆಂದು ಸೌದೆ ಹೇರಿದ್ದ ಕೈಗಾಡಿಯ ಪಕ್ಕ ಕೆರಿಯಮ್ಮನನ್ನು ಮತ್ತೆ ಶಾಲೆಯಂಗಳದಲ್ಲಿ ಇಳಿಸಿದರು. ಇಪ್ಪತ್ತು ವರ್ಷ ಆ ಶಾಲೆಯ ಮಕ್ಕಳಿಗೆ ಬಿಸಿಯೂಟ ಬೇಯಿಸಿದವಳು. ಊರೊಳಗೆ ನೀರು ನುಗ್ಗಿದ ಮೇಲೆ ಅದೇ ಒಲೆಯಲ್ಲಿ ನಲವತ್ತು ಮನೆಯವರಿಗೆ ಗಂಜಿ ಕಾಯಿಸಿದಳು. ಕೊಚ್ಚೆನೀರಲ್ಲಿ ಓಡಾಡಿ ಇಲಿಜ್ವರ ಹತ್ತಿಸಿಕೊಂಡು ನಿನ್ನೆ ಸಾಗರದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಪ್ರತಿಮಾ ಅವಳ ಜೊತೆಯ ಅಡುಗೆಯವಳು.

ಅಂಗಳದೊಳಗೆ ಬಂದು ನಿಂತ ಲಾರಿಯಿಂದ ಅಶ್ವಿನ್ ಇಳಿದ. ತೀರ್ಥಹಳ್ಳಿಯ ಗೆಳೆಯರೊಂದಿಗೆ ಪರಿಹಾರದ ಸಾಮಾನು ಹಂಚುತ್ತಿದ್ದ ಅವನಿಗೆ ಕೆರಿಯಮ್ಮನ ಪರಿಚಯವಿತ್ತು. ಚಟ್ಟಕ್ಕೆ ಕೈಮುಗಿದ.

"ಬೆಳಿಗ್ಗೆ ಫೋನ್ ಮಾಡಿದ್ನಲ್ಲ, ನಾಳೆ ಬನ್ನಿ ಅಂತ?" ಎಂದಳು ಪ್ರತಿಮಾ.

"ನಾಳೆ ಲಾರಿ ಸಿಗಲ್ಲ ಮೇಡಂ. ಎರಡು ಗಂಟೆಗೆ ಹೊಸನಗರದಲ್ಲಿರ್ಬೇಕು. ಅಲ್ಲಿ ಧರೆ ಕುಸಿದು ಜನ ಕಾಯ್ತಿದಾರೆ."

"ಎಂತ ತಂದ್ರಿ?"

"ನೂಡಲ್ಸು, ಪೇಸ್ಟು, ಬಿಸ್ಕತ್ತು... ಹನ್ನೆರಡು ಟಾರ್ಪಾಲು."

"ನಲವತ್ತು ಮನೆಗೆ ಹನ್ನೆರಡಾ? ನೂಡಲ್ಸ್ ಬೇಡ, ಟಾರ್ಪಾಲು ಕೊಡಿ ಅಂತ ಕೆರಿಯಮ್ಮಕ್ಕ ಮೂರು ಸಲ ಹೇಳಿರಲಿಲ್ವಾ?"

"ಜನ ಕೊಟ್ಟದ್ದನ್ನ ತರೋದು ಮೇಡಂ. ನಾನೆಂತ ಮಾಡ್ಲಿ?"

ಟಾರ್ಪಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚಟ್ಟದ ಸುತ್ತ ನಿಂತವರು ಒಬ್ಬೊಬ್ಬರಾಗಿ ಲಾರಿಯ ಹಿಂದೆ ಸೇರಿದರು. ಹೆಣದ ಹತ್ತಿರ ಉಳಿದದ್ದು ಗಂಡ ಸೀತಾರಾಮಪ್ಪ ಒಬ್ಬನೇ.

* * *

ಮೊದಲ ಲಾರಿ ಬಂದ ದಿನ ಮೇಲೆ ನಿಂತವರು ಪೊಟ್ಟಣಗಳನ್ನು ಎಸೆಯುತ್ತಿದ್ದರು. ಕೆಳಗೆ ನೂಕುನುಗ್ಗಲು. ಕೆರಿಯಮ್ಮ ಸೌಟು ಹಿಡಿದುಕೊಂಡೇ ಓಡಿಬಂದಿದ್ದಳು.

"ಇಳಿಯೋ ಕೆಳಗೆ! ಕಾಳು ಎರಚಕ್ಕೆ ನಾವೇನು ಕೋಳಿಗಳಾ? ಕೈಗೆ ಕೊಡು."

ಅವತ್ತಿನಿಂದ ಹಂಚುವುದೆಲ್ಲ ಅವಳ ಕ್ರಮದಂತೆ. ಹಳ್ಳದಾಚೆಯ ಹನ್ನೊಂದು ಮನೆಗಳಿಗೆ ಮೊದಲು. ಸಂಜೆಯಾದರೆ ಅವರ ದಾರಿ ಮುಳುಗುತ್ತದೆ. ಆಮೇಲೆ ಬಾಣಂತಿಯರು, ಮುದುಕರು. ಒಲೆಯ ಹತ್ತಿರದವರಿಗೆ ಕೊನೆಗೆ. ಆ ಕೊನೆ ಎಂಬುದು ಮಾತ್ರ ಬರುತ್ತಲೇ ಇರಲಿಲ್ಲ.

"ನಮ್ಮನೆ ಗೋಡೆನೂ ಬಿದ್ದು ಹೆಂಚಿನ ಮಾಡು ಕುಸಿದು ಕೂತದೆ ಅಕ್ಕಾ. ನಾವು ತಗಳದು ಯಾವಾಗ?" ಪ್ರತಿಮಾ ಒಂದು ದಿನ ಪಾತ್ರೆ ಕುಕ್ಕಿ ಕೇಳಿದ್ದಳು.

"ನಮಗೆ ತಳ ಸೀದ ಗಂಜಿಯಾದ್ರೂ ಸಿಗ್ತದಲ್ಲೇ ಮಾರಾಯ್ತಿ."

"ಸೀದ ಗಂಜಿ ಹೊದ್ಕೊಂಡು ಮಲಗಕ್ಕಾಗ್ತದಾ?"

ಕೆರಿಯಮ್ಮ ನಕ್ಕಳು. ಹಳ್ಳದಾಚೆ ಹಾಸಿಗೆ ಹಿಡಿದಿದ್ದ ಶೇಷಮ್ಮನಿಗೆಂದು ಗಂಜಿಯ ಪಾತ್ರೆ ತಲೆಯ ಮೇಲಿಟ್ಟುಕೊಂಡು, ಸೊಂಟದ ಮಟ್ಟದ ನೀರಿಗೆ ಇಳಿದೇಬಿಟ್ಟಳು. ಪ್ರತಿಮಾ ಒಬ್ಬಳೇ ಹಂಡೆ ಉಜ್ಜುತ್ತ ಅವಳನ್ನು ಮನಸಾರೆ ಬೈದಿದ್ದಳು.

* * *

"ಪಟ್ಟಿ ಯಾರ ಹತ್ರ ಇದೆ ಮೇಡಂ? ಬೇಗ," ಎಂದ ಅಶ್ವಿನ್.

ಕೆರಿಯಮ್ಮ ಬರೆಸಿದ್ದ ಮನೆಗಳ ಪಟ್ಟಿ ಪ್ರತಿಮಾಳ ಸೊಂಟದಲ್ಲಿತ್ತು. ತನ್ನದೊಂದನ್ನು ಮೊದಲು ತೆಗೆದಿಟ್ಟರೆ ಯಾರು ಕೇಳುತ್ತಾರೆ? ಕೇಳುವವಳು ಅಂಗಳದಲ್ಲಿ ಮಲಗಿದ್ದಾಳೆ.

"ಹಳ್ಳದಾಚೆಯವರು ಮುಂದೆ ಬನ್ನಿ," ಎಂದಿತು ಅವಳ ಬಾಯಿ. ಆ ಬಾಯಿಯ ಮೇಲೇ ಅವಳಿಗೆ ಸಿಟ್ಟು ಬಂತು.

"ಎಲ್ಲಾ ಅವರಿಗೇ ಕೊಟ್ರೆ ನಮಗೆ?" ಹಿಂದಿನಿಂದ ಕೂಗು.

"ನಂಗೂ ಇಲ್ಲ! ಸುಮ್ನೆ ನಿಂತ್ಕೊಳಿ."

ಹನ್ನೊಂದು ಮುಗಿದವು. ಕೊನೆಯದನ್ನು ಅಶ್ವಿನ್ ಅವಳ ಕೈಗೇ ಇಟ್ಟ. "ಇದು ನಿಮಗಿರ್ಲಿ." ಪ್ರತಿಮಾ ಬೇಡ ಅನ್ನಲಿಲ್ಲ. ಕಂಕುಳಲ್ಲಿ ಅದುಮಿಕೊಂಡಳು. ಈ ರಾತ್ರಿಯಾದರೂ ಅತ್ತೆಯ ಹಾಸಿಗೆ ನೆನೆಯುವುದಿಲ್ಲ.

ಮೊದಲ ಹನಿ ಬಿದ್ದಾಗ ಸೀತಾರಾಮಪ್ಪ ಎದ್ದು ಬಂದ. "ತಂಗೀ, ಗಾಡೀಲಿರೋ ಸೌದೆ ನೆನೆದ್ರೆ ಉರಿಯಲ್ಲ. ಊರಲ್ಲಿ ಒಣಗಿದ್ದು ಅಂತ ಇರೋದು ಅಷ್ಟೇ." ಅವನು ಏನನ್ನೂ ಕೇಳಲಿಲ್ಲ.

ಟಾರ್ಪಾಲು ಸಿಕ್ಕಿದವರು ನೆಲ ನೋಡಿದರು. ಹಳ್ಳದಾಚೆಯ ಯಶೋಧಾ ಮಾತ್ರ ತನ್ನದನ್ನು ಮುಂದೆ ಚಾಚಿ, "ತಗಳಿ ಭಾವಾ," ಎಂದಳು. ಅವಳ ತೋಳಲ್ಲಿ ಮೂರು ತಿಂಗಳ ಕೂಸಿತ್ತು.

"ಇಟ್ಕೊಳೇ ನೀನು!" ಪ್ರತಿಮಾ ಗದರಿದಳು. ತನ್ನ ಕಂಕುಳಲ್ಲಿದ್ದುದರ ಕವರನ್ನು ಹಲ್ಲಿನಿಂದ ಹರಿದಳು. "ಸತ್ ಮೇಲೂ ನಂಗೊಂದು ದಕ್ಕಕ್ಕೆ ಬಿಡ್ಲಿಲ್ಲ ನೋಡು ಭಾವಾ, ನಿನ್ ಹೆಂಡ್ತಿ!"

"ಅವಳ ಬುದ್ಧಿ ನಿಂಗೆ ಗೊತ್ತಲ್ಲ," ಎಂದು ಸೀತಾರಾಮಪ್ಪ ಒಂದು ತುದಿ ಹಿಡಿದ.

ಇಬ್ಬರೂ ಸೇರಿ ಸೌದೆಗಾಡಿಯ ಮೇಲೆ ಟಾರ್ಪಾಲು ಹೊದಿಸಿ ನಾಲ್ಕು ಮೂಲೆಗೂ ಹಗ್ಗ ಬಿಗಿದರು. ಪ್ರತಿಮಾ ಗಾಡಿಯ ಹಿಂದೆ ಕೈಯಿಟ್ಟು ತಳ್ಳಿದಳು. ಮಳೆ ಜೋರಾಯಿತು. ನೀರಿನ ನಡುವಿನ ದಾರಿಯಲ್ಲಿ ಕೆರಿಯಮ್ಮ ನಾಲ್ವರ ಹೆಗಲ ಮೇಲೆ ತೊಪ್ಪೆಯಾಗಿ ನೆನೆಯುತ್ತ ಮುಂದೆ ಮುಂದೆ ಹೋದಳು. ಅವಳ ಹಿಂದೆ, ಮಡಿಕೆಯ ಗೆರೆ ಇನ್ನೂ ಹೋಗದ ಹೊಸ ನೀಲಿ ಟಾರ್ಪಾಲು ಹೊದ್ದು, ಸೌದೆ ಬೆಚ್ಚಗೆ ಹೋಯಿತು.